ಹಿಂದಿನ ಸೀಟಿನವಳು ಆರಿಸಿದ ಟೈರು

ಆದೆಪ್ಪನ ಸೈಕಲ್ ಅಂಗಡಿಯಿಂದ ಮೆತ್ತಗಿನ ಟೈರೊಂದು ಹೊರಗೆ ಹೋಯಿತು ಅಂತ ಹೇಳಿದ್ದರೆ ಸಿಂಧನೂರಿನಲ್ಲಿ ನಂಬುವವರು ಯಾರೂ ಇರಲಿಲ್ಲ. ಮೂವತ್ತೆಂಟು ವರ್ಷದಿಂದ ಅವನದು ಒಂದೇ ಪದ್ಧತಿ. ಗಾಳಿ ತುಂಬಿದ ಮೇಲೆ ಬಲಗೈ ಹೆಬ್ಬೆರಳನ್ನು ಟೈರಿನ ಮೇಲಿಟ್ಟು ಇಡೀ ಮೈಭಾರ ಹಾಕಿ ಒತ್ತುತ್ತಿದ್ದ. ಬೆರಳು ಕೂದಲೆಳೆಯಷ್ಟು ಒಳಗೆ ಹೋದರೂ ಮತ್ತೆ ಪಂಪು ಹಿಡಿಯುತ್ತಿದ್ದ. ಹತ್ತಿರದ ಆರ್.ಎಚ್. ಕ್ಯಾಂಪಿನ ರೈತರು ಎರಡೆರಡು ಚೀಲ ಭತ್ತ ಹೇರಿಕೊಂಡು ಕಾಲುವೆ ದಂಡೆಯ ಮೇಲೆ ಹೋಗುವಾಗ ಅವನು ಗಾಳಿ ಹೊಡೆದ ಟೈರು ಜಪ್ಪಯ್ಯ ಅಂದರೂ ತಗ್ಗುತ್ತಿರಲಿಲ್ಲ. ಕಾಲುವೆ ಸೀಮೆಯಲ್ಲಿ ಸೈಕಲ್ಲೆಂದರೆ ಭಾರ ಹೊರುವ ಪ್ರಾಣಿ, ಗಾಳಿ ಅದರ ಮೇವು, ಮೇವು ಕಮ್ಮಿ ಹಾಕುವವನು ಕಳ್ಳ. ಇದು ಆದೆಪ್ಪನ ಸಿದ್ಧಾಂತ. ಅವನ ಹೆಂಡತಿ ಶೇಖರಮ್ಮ ಇದನ್ನು ಕೇಳಿ ಕೇಳಿ ಸಾಕಾಗಿ, ಅವನು ಬಾಯಿ ತೆರೆಯುವ ಮೊದಲೇ ಒಳಗೆ ಎದ್ದು ಹೋಗುತ್ತಿದ್ದಳು.

ಅವನಿಗೆ ಜಂಬವಿತ್ತು, ಮುಚ್ಚಿಡುವುದೇಕೆ. ಕೆಲಸ ಬಲ್ಲವನಿಗೆ ಅಷ್ಟು ಜಂಬ ಇದ್ದರೆ ತಪ್ಪೂ ಅಲ್ಲ. ತೊಂದರೆ ಶುರುವಾದದ್ದು ಮಗಳ ಜಂಬ ಅವನದಕ್ಕಿಂತ ಒಂದು ಗೇಣು ಹೆಚ್ಚಿದ್ದದ್ದರಿಂದ.

ಮಗಳು ಶಿವರಂಜನಿ ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋದವು. ಅಪ್ಪ-ಅಮ್ಮ ಅತ್ತು ಮುಗಿಸುವ ಹೊತ್ತಿಗೆ ಅವಳು ಬ್ರೈಲ್ ಕಲಿತಿದ್ದಳು. ಈಗ ಇಪ್ಪತ್ತೆಂಟು. ಪಾಮನಕಲ್ಲೂರಿನ ದಾರಿಯಲ್ಲಿರುವ ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಅದೇ ಶಾಲೆಯ ಪಿ.ಟಿ. ಟೀಚರ್ ಹುಸೇನ್‌ಬೀ ಅವಳ ಗೆಳತಿ. ಇಬ್ಬರೂ ಮಸ್ಕಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಶಾಲೆಯ ಹೊತ್ತಿಗೆ ಬಸ್ಸು ಇರಲಿಲ್ಲ. ಇದ್ದ ಬಸ್ಸು ಅವರಿಬ್ಬರ ಕೈ ಕಂಡರೂ ನಿಲ್ಲುತ್ತಿರಲಿಲ್ಲ. ಆಗ ಆದೆಪ್ಪ ಹೈದರಾಬಾದಿನಿಂದ ಒಂದು ಹಳೆಯ ಟ್ಯಾಂಡೆಮ್ ತರಿಸಿದ. ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಉದ್ದನೆಯ ಸೈಕಲ್ಲು ಅದು. ಹುಸೇನ್‌ಬೀ ಮುಂದೆ ಕೂತು ಹ್ಯಾಂಡಲ್ ಹಿಡಿದಳು, ಶಿವರಂಜನಿ ಹಿಂದೆ ಕೂತಳು. ಮೂರು ವರ್ಷ ಹಾಗೆ ಹೋಗಿ ಬಂದರು. ದಾರಿಯ ಜನಕ್ಕೆ ಅದೊಂದು ತಮಾಷೆಯಾಗಿತ್ತು. "ಮುಂದಿನಾಕಿ ಹೊಡೀತಾಳ, ಹಿಂದಿನಾಕಿ ಲಗೇಜು," ಅಂತ ಕಟ್ಟೆಯ ಮೇಲೆ ಕೂತವರು ಅವಳ ಕಿವಿಗೆ ಬೀಳುವ ಹಾಗೇ ಹೇಳುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಶಿವರಂಜನಿ ಬಿಡುವವಳಲ್ಲ.

ರಾಯಚೂರಿನ ಕಾಲೇಜೊಂದರ ಲೆಕ್ಚರರ್ ಹಫೀಜ್ ಸೈಕಲ್ ಹುಚ್ಚಿನವನು. ಅಕ್ಟೋಬರ್ ಕೊನೆಯ ಭಾನುವಾರ ಅವನೊಂದು ಓಟ ಇಟ್ಟ. ಹಿಂದಿನ ಸೀಟಿನಲ್ಲಿ ಕಣ್ಣಿಲ್ಲದವರೇ ಕೂರುವ ಟ್ಯಾಂಡೆಮ್ ಜೋಡಿಗಳಿಗಾಗಿ, ಡಾಂಬರು ಬಿಟ್ಟು ಬರೀ ಮಣ್ಣಿನ ದಾರಿಯಲ್ಲಿ. ಲಿಂಗಸುಗೂರಿನಿಂದ ಹೊರಟು ಗುರುಗುಂಟಾ, ಪಾಮನಕಲ್ಲೂರು, ಮಸ್ಕಿ ದಾಟಿ ಸಿಂಧನೂರು ಮುಟ್ಟಬೇಕು. ನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನ ಎರಡರೊಳಗೆ ಬಂದವರು ಮಾತ್ರ ಜನವರಿಯಲ್ಲಿ ಬೀದರದಿಂದ ಕಾರವಾರದವರೆಗೆ ಹತ್ತು ದಿನದ ಪಯಣಕ್ಕೆ ಹೋಗಬಹುದು. ಶಿವರಂಜನಿಗೆ ಆ ಪಯಣ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ತಾನು ಲಗೇಜಲ್ಲ ಅನ್ನುವುದು ಮೂರು ತಾಲೂಕಿಗೂ ಗೊತ್ತಾಗಬೇಕಿತ್ತು. ಅದಕ್ಕೆ ಅವಳು ಮೊದಲೇ ಹಟ ಹಿಡಿದಳು: ಈ ಓಟಕ್ಕೆ ಟೈರು ಆರಿಸುವುದು ನಾನು.

ಆದೆಪ್ಪ ನಕ್ಕ. ಆಮೇಲೆ ಮಗಳ ಮುಖ ನೋಡಿ ನಗು ನಿಲ್ಲಿಸಿದ.

ಅಂಗಡಿಯಲ್ಲಿ ಮೂರು ಜೋಡಿ ಟೈರು ಸಾಲಾಗಿ ನಿಂತವು. ಒಂದು ಸಣ್ಣದು, ನುಣುಪಾದದ್ದು, ಡಾಂಬರಿನ ಮೇಲೆ ಓಡುವಂಥದ್ದು. ಇನ್ನೊಂದು ದಪ್ಪ, ಟ್ರ್ಯಾಕ್ಟರಿನದರ ಹಾಗೆ ಮೈತುಂಬ ಗಡ್ಡೆ ಗಡ್ಡೆ. ಮೂರನೆಯದು ಇವೆರಡರ ನಡುವಿನದು. ನಡುವೆ ಸಣ್ಣ ಸಣ್ಣ ಕಾಳು, ಅಂಚಿಗೆ ಸ್ವಲ್ಪ ಎತ್ತರದ ಹಲ್ಲು, ಪಕ್ಕದ ಗೋಡೆ ಮಾತ್ರ ಇಬ್ಬರ ಭಾರ ತಡೆಯುವಷ್ಟು ಬಿಗಿ ನೇಯ್ಗೆ. ಆದೆಪ್ಪ ಗಡ್ಡೆಯ ಟೈರಿಗೆ ಕೈ ಹಾಕಿದ.

"ಮಣ್ಣಿನ ದಾರಿಗೆ ಇದ ಬೇಕು. ಮಜಬೂತ್ ಐತಿ. ಹುಲಿ ಹಿಡದಂಗ ಹಿಡೀತೈತಿ."

"ಯಾವ ಮಣ್ಣು ಅಪ್ಪಾ?" ಅಂದಳು ಶಿವರಂಜನಿ. "ಗುರುಗುಂಟಾ ಕಡೆ ಗರಸು, ಸಣ್ಣ ಕಲ್ಲು ಉರುಳತಾವ. ನಡುವ ಮಸಾರಿ, ಅದು ಉಸುಕಿನಂಗ. ಪಾಮನಕಲ್ಲೂರು ದಾಟಿದ ಮ್ಯಾಲ ಎರಿ, ಮಳಿ ಬಿದ್ರ ಅಂಟು. ಒಂದ ಮಣ್ಣೇನು?"

"ಇದೆಲ್ಲಾ ನಿನಗ ಯಾರು ಹೇಳಿದ್ರು?"

"ನನ್ನ ಸೀಟು ಹೇಳೇತಿ. ಹುಸೇನ್‌ಬೀ ತಗ್ಗು ಕಂಡಕೂಡಲೆ ಮೈ ಬಿಗಿ ಹಿಡೀತಾಳ. ನನಗ ಕಾಣೂದಿಲ್ಲ. ಪ್ರತಿಯೊಂದು ಕಲ್ಲಿನ ಪೆಟ್ಟು ಬರೂದು ನನ್ನ ಬೆನ್ನಿಗೆ. ದಾರಿ ಹೆಂಗೈತಿ ಅಂತ ನನಗಿಂತ ಚಲೋ ಹೇಳೋರು ಯಾರದಾರ?"

ಮೂರು ಭಾನುವಾರ ಗೆಳತಿಯರಿಬ್ಬರೂ ಮೂರು ಜೋಡಿ ಟೈರನ್ನೂ ನಿಜವಾದ ದಾರಿಯಲ್ಲೇ ತುಳಿದು ನೋಡಿದರು. ಸಣ್ಣ ಟೈರು ಮಸಾರಿಯಲ್ಲಿ ಹೂತುಹೋಯಿತು. ಗರಸಿನಲ್ಲಿ ಕಲ್ಲು ರಿಮ್ಮಿಗೇ ಬಡಿದು ಒಳಗಿನ ಟ್ಯೂಬು ಎರಡು ಕಡೆ ಹರಿಯಿತು. ಗಡ್ಡೆಯ ಟೈರು ಗರಸಿನಲ್ಲಿ ಚೆನ್ನಾಗಿಯೇ ಓಡಿತು, ಆದೆಪ್ಪ ಮೀಸೆಯನ್ನೂ ತಿರುವಿದ. ಆದರೆ ಹಿಂದಿನ ರಾತ್ರಿ ಮಳೆ ಬಿದ್ದಿದ್ದ ಎರೆಹೊಲದ ದಾರಿಗೆ ಇಳಿದಾಗ ಕಪ್ಪು ಮಣ್ಣು ಗಡ್ಡೆಗಳ ನಡುವೆ ಮೆತ್ತಿಕೊಂಡು, ಅದರ ಮೇಲೆ ಇನ್ನಷ್ಟು ಮೆತ್ತಿಕೊಂಡು, ಚಕ್ರ ಫ್ರೇಮಿಗೆ ಸಿಕ್ಕಿ ನಿಂತೇಬಿಟ್ಟಿತು. ಇಬ್ಬರು ಟೀಚರಮ್ಮಗಳು ಟ್ಯಾಂಡೆಮ್ಮನ್ನು ಹೆಗಲ ಮೇಲೆ ಹೊತ್ತು ಒಂದೂವರೆ ಕಿಲೋಮೀಟರು ನಡೆದರು. ಮೂರನೆಯ ಜೋಡಿ ಎಲ್ಲ ಕಡೆಯೂ ದಾಟಿತು. ಎರೆಯಲ್ಲಿ ಮಣ್ಣು ಹತ್ತಿದರೂ ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ತಾನೇ ಉದುರಿತು. ಅಲ್ಲಿಗೆ ಟೈರಿನ ಮಾತು ಮುಗಿಯಿತು. ಆದೆಪ್ಪ ಬಾಯಿ ಮುಚ್ಚಿಕೊಂಡು ಅದನ್ನೇ ಹಾಕಿದ.

ಆದರೆ ಗಾಳಿಯ ಮಾತು ಉಳಿದಿತ್ತು. ಗುರುಗುಂಟಾದ ಒಂದು ಗರಸಿನ ಇಳಿಜಾರಿನಲ್ಲಿ ಶಿವರಂಜನಿ ಹುಸೇನ್‌ಬೀ ಜೊತೆ ಅದೇ ದಾರಿಯನ್ನು ಹದಿನಾಲ್ಕು ಸಲ ಇಳಿದಳು. ಪ್ರತಿ ಸಲವೂ ಸ್ವಲ್ಪ ಗಾಳಿ ಬಿಟ್ಟಳು. ಕೊನೆಗೆ ಹಿಂದಿನ ಟೈರಿಗೆ ನಲವತ್ತೈದು ಪೌಂಡು, ಮುಂದಿನದಕ್ಕೆ ನಲವತ್ತು ಅಂತ ನಿಂತಳು. ಆದೆಪ್ಪನ ಅಂಗಡಿಯಲ್ಲಿ ಎಪ್ಪತ್ತಕ್ಕೆ ಕಮ್ಮಿ ಗಾಳಿ ಅಂದರೆ ಅದು ಪಂಕ್ಚರೇ. ಅವನು ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು.

"ಇದು ಟೈರಲ್ಲವ್ವಾ, ಇಡ್ಲಿ."

"ಅಪ್ಪಾ, ನೀ ಭತ್ತದ ಚೀಲಕ್ಕ ಗಾಳಿ ಹೊಡೀತಿ. ಚೀಲಕ್ಕ ಬೆನ್ನು ನೋಯೂದಿಲ್ಲ, ಚೀಲ ತುಳಿಯೂದೂ ಇಲ್ಲ. ಬಿರುಸು ಟೈರು ಗರಸಿನ್ಯಾಗ ಕುಣೀತೈತಿ. ಕುಣಿದ್ರ ನೆಲ ಬಿಡ್ತೈತಿ. ನೆಲ ಬಿಟ್ರ ನಾವಿಬ್ರೂ ಬೀಳ್ತೀವಿ. ಇದು ಹಿಂಗಽ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ."

ಆದೆಪ್ಪ ಸರಿ ಅಂದ. ಅಂದದ್ದು ನಾಲಿಗೆ ಮಾತ್ರ.

ಓಟದ ದಿನ ಬೆಳಿಗ್ಗೆ ಲಿಂಗಸುಗೂರಿನ ಮೈದಾನದಲ್ಲಿ ಒಂಬತ್ತು ಟ್ಯಾಂಡೆಮ್ ನಿಂತಿದ್ದವು. ಹಫೀಜ್ ಆದೆಪ್ಪನನ್ನೇ ಓಟದ ಮಿಸ್ತ್ರಿ ಮಾಡಿದ್ದ. ಸೈಕಲ್ಲಿನ ವಿಷಯದಲ್ಲಿ ಮಿಸ್ತ್ರಿ ಹೇಳಿದ್ದೇ ಕೊನೆಯ ಮಾತು ಎಂದು ಮೈಕಿನಲ್ಲಿ ಸಾರಿದ್ದ. ಆದೆಪ್ಪ ಇಸ್ತ್ರಿ ಅಂಗಿ ಹಾಕಿ, ವಿಭೂತಿ ಇಟ್ಟು, ಪಂಪನ್ನು ಹೆಗಲಿಗೆ ಆನಿಸಿಕೊಂಡು ಓಡಾಡುತ್ತಿದ್ದ. ಸೈಕಲ್ಲನ್ನು ಅವನ ಕೈಗೆ ಕೊಟ್ಟು ಮಗಳು, ಹುಸೇನ್‌ಬೀ ನಂಬರು ಚೀಟಿ ತರಲು ಹೋದರು.

ಸುತ್ತ ಜನ ಸೇರಿತು. ಗುರುತಿನವರೊಬ್ಬರು ಬಗ್ಗಿ ಟೈರು ಒತ್ತಿದರು. "ಏನ್ರೀ ಆದೆಪ್ಪಣ್ಣ, ನಿಮ್ಮ ಅಂಗಡಿ ಟೈರು ಮೆತ್ತಗಾಗೇತಿ?" ಇನ್ನೊಬ್ಬ ಒತ್ತಿದ. ಮತ್ತೊಬ್ಬ ಒತ್ತಿ ನಕ್ಕ. "ವಯಸ್ಸಾತು ಬಿಡ್ರಿ, ಕೈಯಾಗ ಕಸುವಿಲ್ಲ."

ಆದೆಪ್ಪನ ಕಿವಿ ಕಾದವು. ಮಗಳ ಮಾತು ನೆನಪಿತ್ತು, ಸುಳ್ಳು ಹೇಳಬಾರದು, ಚೆನ್ನಾಗಿಯೇ ನೆನಪಿತ್ತು. ಆದರೆ ಮೂವತ್ತೆಂಟು ವರ್ಷದ ಇಜ್ಜತ್ತು ಆ ಹೆಬ್ಬೆರಳುಗಳ ಕೆಳಗೆ ತಗ್ಗುತ್ತಿತ್ತು. ಇಬ್ಬರ ಭಾರ ಇದೆಯಲ್ಲ, ಗಾಳಿ ಗಟ್ಟಿ ಇದ್ದರೆ ಮಗಳಿಗೇ ಒಳ್ಳೆಯದಲ್ಲವೇ ಅಂತ ತನಗೆ ತಾನೇ ಹೇಳಿಕೊಂಡ. ಪಂಪು ಹಚ್ಚಿದ. ಹಿಂದಕ್ಕೆ ಎಪ್ಪತ್ತು, ಮುಂದಕ್ಕೆ ಅರವತ್ತೈದು. ನಕ್ಕವರನ್ನೇ ಕರೆದು ಒತ್ತಿಸಿದ. ಅವರು ತಲೆದೂಗಿದರು. ಮಗಳು, ಹುಸೇನ್‌ಬೀ ಬಂದು ಹತ್ತಿ ಕೂರುವಷ್ಟರಲ್ಲಿ ಪೀಪಿ ಊದಿದರು. ಟೈರು ಮುಟ್ಟಿ ನೋಡಲು ಯಾರಿಗೂ ಹೊತ್ತಿರಲಿಲ್ಲ.

ಆದೆಪ್ಪ ಹಫೀಜನ ಟೆಂಪೋದಲ್ಲಿ ಸಾಮಾನುಗಳ ಜೊತೆ ಕೂತು ಮಗಳ ಜೋಡಿಯ ಹಿಂದೆಯೇ ಬಂದ. ಗುರುಗುಂಟಾದವರೆಗೆ ದಾರಿ ಹದವಾಗಿತ್ತು. ಒಂಬತ್ತರಲ್ಲಿ ಮೂರನೆಯವರಾಗಿ ಹೋಗುತ್ತಿದ್ದ ಮಗಳ ಬೆನ್ನನ್ನೇ ನೋಡುತ್ತ ಅವನು ಹಿಗ್ಗುತ್ತಿದ್ದ. ಆಮೇಲೆ ಗರಸಿನ ಇಳಿಜಾರು ಬಂತು. ಹಿಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಎಗರಿತು. ಇಳಿದು ಮತ್ತೆ ಎಗರಿತು. ಅದು ನೆಲದ ಮೇಲೆ ಇದ್ದದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ಶಿವರಂಜನಿಯ ಬೆನ್ನು ಪ್ರತಿ ಪೆಟ್ಟಿಗೂ ಜಗ್ಗುವುದು ಟೆಂಪೋದಿಂದಲೇ ಕಾಣುತ್ತಿತ್ತು. ಆದೆಪ್ಪ ಹೊರಗೆ ಬಾಗಿದ. "ನಿಲ್ಲಸ್ರಿ!" ಅಂತ ಕೂಗಿದ. ಕೂಗಿದ್ದು ಯಾರಿಗೂ ಕೇಳಲಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರಿ, ಉದ್ದನೆಯ ಸೈಕಲ್ಲು ಮಲಗಿ, ಇಬ್ಬರೂ ಗರಸಿನ ಮೇಲೆ ಬಿದ್ದರು.

ಹುಸೇನ್‌ಬೀಯ ಮೊಣಕೈ ತರಚಿತ್ತು, ಶಿವರಂಜನಿಯ ಮೊಣಕಾಲಿನಿಂದ ರಕ್ತ ಬರುತ್ತಿತ್ತು. ಎಲುಬಿಗೆ ಏನೂ ಆಗಿರಲಿಲ್ಲ. ಓಟದ ನೇಮದ ಪ್ರಕಾರ ತಂಗುವ ಜಾಗ ಬರುವತನಕ ಸವಾರರಲ್ಲದೆ ಬೇರೆಯವರು, ಮಿಸ್ತ್ರಿ ಕೂಡ, ಸೈಕಲ್ ಮುಟ್ಟುವಂತಿರಲಿಲ್ಲ. ಆದೆಪ್ಪ ಟೆಂಪೋದ ಕಂಬಿ ಹಿಡಿದು ನಿಂತ. ಶಿವರಂಜನಿ ಎದ್ದು, ತಡಕಾಡಿ ಹಿಂದಿನ ಟೈರು ಹುಡುಕಿ, ಅದರ ಮೇಲೆ ಅಂಗೈ ಇಟ್ಟಳು. ಹುಸೇನ್‌ಬೀ ಏನೋ ಕೇಳಿದಳು, ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ವಾಲ್ವು ಒತ್ತಿ ಗಾಳಿ ಬಿಟ್ಟಳು. ಎರಡೂ ಚಕ್ರವನ್ನು ಬೆರಳಿನಿಂದ ಅಳೆದು ಅಳೆದು ಸರಿ ಮಾಡಿಕೊಂಡಳು. ಬಿಚ್ಚಿಹೋಗಿದ್ದ ಚೈನುಗಳನ್ನು ಕೂಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಉಳಿದ ಎಂಟೂ ಜೋಡಿ ಮುಂದೆ ಹೋದವು.

ಪಾಮನಕಲ್ಲೂರಿನ ತಂಗುವ ಜಾಗಕ್ಕೆ ಅವರು ಬಂದಾಗ ಹತ್ತೂವರೆ. ಬಿದ್ದ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಬಿದ್ದ ಸೈಕಲ್ಲನ್ನು ಮಿಸ್ತ್ರಿ ನೋಡಿ ಒಪ್ಪಿದ ಮೇಲೆಯೇ ಮುಂದೆ ಬಿಡುವುದು ಅಂತ ನೇಮ. ಜನ ಸುತ್ತ ನೆರೆಯಿತು. ಯಾರೋ ಟೈರು ಒತ್ತಿದರು.

"ಅಯ್ಯ, ಗಾಳಿನಽ ಇಲ್ಲ! ಅದಕ್ಕ ಬಿದ್ದಾರ."

"ಟೈರು ಹಿಂದಿನಾಕಿ ಆರಿಸ್ಯಾಳಂತ. ಕಾಣದಾಕಿ ಮಾತು ಕೇಳಿ ಟೈರು ಹಾಕಿದ್ರ ಮತ್ತೇನಾಗ್ತೈತಿ?"

ಹಫೀಜ್ ಒಳ್ಳೆಯ ಮನುಷ್ಯ. ಮೆಲ್ಲಗೆ ಹೇಳಿದ. "ಟೀಚರಮ್ಮ, ಟೆಂಪೋದಾಗ ಗಡ್ಡಿ ಟೈರು ಅದಾವ. ಬದಲು ಮಾಡಿಕೊಂಡು ಹೋಗ್ರಿ. ಇನ್ನೊಮ್ಮೆ ಬಿದ್ರ ನಾ ಯಾರಿಗೆ ಜವಾಬು ಕೊಡ್ಲಿ?"

"ಮುಂದ ಎರಿ ಐತಿ. ಮೊನ್ನೆ ಮಳಿ ಬಿದ್ದೇತಿ," ಅಂದಳು ಶಿವರಂಜನಿ. "ಗಡ್ಡಿ ಟೈರು ಹಾಕಿದ್ರ ಒಂದು ಮೈಲಿ ಹೋಗೂದಿಲ್ಲ. ನನ್ನ ಟೈರು ಬರೋಬರಿ ಐತಿ."

"ಬರೋಬರಿ ಇದ್ರ ಬಿದ್ದಿದ್ಯಾಕ?" ಅಂತ ಗುಂಪಿನಿಂದ ಒಬ್ಬ.

ಶಿವರಂಜನಿ ಮುಖ ಆದೆಪ್ಪನ ಕಡೆಗೆ ತಿರುಗಿಸಿದಳು. "ಮಿಸ್ತ್ರಿಯವರು ಏನಂತಾರ ಕೇಳ್ರಿ."

ಎಲ್ಲರೂ ಆದೆಪ್ಪನ ಕಡೆ ನೋಡಿದರು. ಅವನು ಬಾಗಿ ಹೆಬ್ಬೆರಳು ಇಟ್ಟ. ಬೆರಳು ಒಳಗೆ ಹೋಯಿತು. ನಲವತ್ತೈದು, ಒಂದು ಪೌಂಡು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೀಟರಿಲ್ಲದೆ, ಗರಸಿನ ಮೇಲೆ ಕೂತು, ರಕ್ತ ಒರೆಸಿಕೊಳ್ಳುತ್ತ ಅವಳು ಅದನ್ನು ಅಷ್ಟು ಸರಿಯಾಗಿ ಮಾಡಿದ್ದಳು. ಟೈರು ಬದಲಿಸಿ ಅಂತ ಒಂದು ಮಾತು ಅಂದರೆ ಆಗಿಹೋಗುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದೆಪ್ಪನ ಗಾಳಿ ಆದೆಪ್ಪನ ಗಾಳಿಯಾಗಿಯೇ ಉಳಿಯುತ್ತಿತ್ತು. ಮಗಳು ಮಾತ್ರ ಜನ್ಮಪೂರ್ತಿ ಲಗೇಜಾಗುತ್ತಿದ್ದಳು. ಎದ್ದು ನಿಂತು, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಟೈರು ಬರೋಬರಿ ಐತಿ. ಗಾಳಿನೂ ಈಗ ಬರೋಬರಿ ಐತಿ. ಅಕಿ ಹಿಂಗಽ ಇಟ್ಟಿದ್ಲು. ಮುಂಜಾನೆ ಲಿಂಗಸುಗೂರಿನ್ಯಾಗ ನಾಲ್ಕು ಮಂದಿ ನಕ್ರು ಅಂತ ನಾ ಕದ್ದು ಗಾಳಿ ಹೊಡದೆ. ಕಲ್ಲಿನಂಗ ಮಾಡಿದೆ. ಅದಕ್ಕ ಬಿದ್ರು. ಆರಿಸಿದಾಕಿದು ತಪ್ಪಲ್ಲ, ಈ ಹೆಬ್ಬಟ್ಟಿಂದು ತಪ್ಪು."

ಹಫೀಜ್ ಕನ್ನಡಕ ತೆಗೆದು ಒರೆಸಿಕೊಂಡ. ಹುಸೇನ್‌ಬೀ ಆದೆಪ್ಪನನ್ನು ಸುಡುವಂತೆ ನೋಡಿದಳು, ಆಮೇಲೆ ನೋಟ ಮೆತ್ತಗಾಯಿತು.

"ನನಗ ಗೊತ್ತಿತ್ತಪ್ಪ," ಅಂದಳು ಶಿವರಂಜನಿ.

"ಮತ್ತ ಯಾಕ ಹೇಳಲಿಲ್ಲವ್ವಾ?"

"ನೀ ಹೇಳ್ತಿ ಅಂತ ಕಾದೆ."

ಅಷ್ಟು ಹೇಳಿ ನೀರು ಕುಡಿದು ಸೀಟಿನ ಮೇಲೆ ಕೂತಳು. ಹುಸೇನ್‌ಬೀ ಪೆಡಲಿಗೆ ಕಾಲು ಕೊಟ್ಟಳು. ಆದೆಪ್ಪನಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ ಎದೆಯಲ್ಲಿ ಇನ್ನೇನೋ ಉಬ್ಬಿ ಬಂತು. ಮೂವತ್ತೆಂಟು ವರ್ಷದಲ್ಲಿ ಅವನಿಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಎರೆಯ ದಾರಿ ಆ ದಿನ ಯಾರನ್ನೂ ಸುಮ್ಮನೆ ಬಿಡಲಿಲ್ಲ. ಗಡ್ಡೆ ಟೈರಿನ ಐದು ಜೋಡಿಗಳು ಒಂದಾದ ಮೇಲೊಂದು ಸಿಕ್ಕಿಬಿದ್ದವು. ಸವಾರರು ಕಡ್ಡಿ ಹಿಡಿದು ಮಣ್ಣು ಕೆರೆಯುತ್ತ ನಿಂತಿದ್ದರು. ಆ ಐದೂ ಜೋಡಿಗಳ ಪಕ್ಕದಿಂದ ಟೀಚರಮ್ಮಗಳ ಟ್ಯಾಂಡೆಮ್ ಮಣ್ಣು ಹಾರಿಸಿಕೊಂಡು ಹೋಯಿತು. ಹಿಂದಿನಿಂದ ಶಿವರಂಜನಿ ದಾರಿ ಹೇಳುತ್ತಿದ್ದಳು: "ಮಣ್ಣು ಹಿಡ್ಯಾಕತ್ತೈತಿ, ಎಡಕ್ಕ ಹುಲ್ಲಿನ ಮ್ಯಾಲ ತಗೋ. ಈಗ ಗಟ್ಟಿ ಬಂತು, ಹೊಡಿ." ಕಣ್ಣಿದ್ದ ಹುಸೇನ್‌ಬೀ ಅವಳು ಹೇಳಿದಂತೆ ಹ್ಯಾಂಡಲ್ ತಿರುಗಿಸಿದಳು. ಮಸ್ಕಿಯ ಗುಡ್ಡ ದಾಟಿ, ಕಾಲುವೆ ದಂಡೆ ಹತ್ತಿ, ಎರಡೂ ಕಡೆ ತೆನೆ ಹೊತ್ತ ಭತ್ತದ ನಡುವೆ ಅವರು ಸಿಂಧನೂರಿಗೆ ಬಂದಾಗ ಒಂದು ಗಂಟೆ ನಲವತ್ತಾರು ನಿಮಿಷ. ನಾಲ್ಕನೆಯವರಾಗಿ ಬಂದರು. ಮೊದಲಿನವರಲ್ಲ, ಆದರೆ ಬಿದ್ದು ಎದ್ದು ಬಂದವರು ಅವರಿಬ್ಬರೇ. ಶೇಖರಮ್ಮ ಮಗಳ ಮುಖದ ಮೇಲಿನ ಎರೆಮಣ್ಣನ್ನು ಸೆರಗಿನಿಂದ ಒರೆಸುತ್ತ, ಗಂಡನ ಕಡೆ ಒಂದು ಸಲ ಮಾತ್ರ ನೋಡಿದಳು. ಸುದ್ದಿ ಅವಳಿಗೂ ಮುಟ್ಟಿತ್ತು.

ಸ್ವಲ್ಪ ಹೊತ್ತಿಗೆ, ಎರೆಯಲ್ಲಿ ಸಿಕ್ಕಿಬಿದ್ದ ಜೋಡಿಯೊಂದರ ಮುಂದಿನ ಸವಾರ ಬಂದ. ಕೊಪ್ಪಳದವನು, ಗಟ್ಟಿಮುಟ್ಟಾದ ಆಳು, ಮೊಣಕಾಲತನಕ ಕೆಸರು. ಅವನ ಜೋಡಿಗೆ ಹೊತ್ತು ಮೀರಿತ್ತು. ಮುಂದಿನ ವರ್ಷ ಮತ್ತೆ ಬರುವ ಹಟ ಅವನಿಗೆ. ಆದೆಪ್ಪನ ಮುಂದೆ ಕೈ ಮುಗಿದ.

"ಮಿಸ್ತ್ರಿ ಸಾಹೇಬ್ರ, ನಮ್ಮ ಗಾಡಿಗೆ ಯಾವ ಟೈರು ಹಾಕಬೇಕು, ಗಾಳಿ ಎಷ್ಟು ಇಡಬೇಕು, ನೀವ ಹೇಳ್ರಿ."

ಮೊದಲಿನ ಆದೆಪ್ಪ ಆಗಿದ್ದರೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದ. ಅವನು ಮಗಳ ಕಡೆ ಕೈ ತೋರಿಸಿದ.

"ಅಕಿನ್ನ ಕೇಳ್ರಿ. ಟೈರಿನ ಮಾತಿಗೆ ಈಗ ಅಕಿನಽ ದೊಡ್ಡಾಕಿ."

ಕೊಪ್ಪಳದವನು ಶಿವರಂಜನಿಯ ಹತ್ತಿರ ಹೋಗಿ ಮತ್ತೆ ಅದನ್ನೇ ಕೇಳಿದ. ಅವಳು ಕಾಲು ಚಾಚಿ ಕೂತಲ್ಲಿಂದಲೇ ತಲೆ ಎತ್ತಿದಳು.

"ನಿಮ್ಮ ಹಿಂದ ಕುಂದ್ರೋರು ಎಲ್ಲದಾರ?"

"ಅವ ಅಲ್ಲಿ ನೆಳ್ಳಾಗ ಕುಂತಾನ್ರಿ. ಅವನಿಗೇನು ಗೊತ್ತಾಗ್ತೈತಿ? ನನಗ ಹೇಳ್ರಿ, ಸಾಕು."

"ಅವರನ್ನ ಕರಕೊಂಡು ಬರ್ರಿ. ಈ ಮಾತು ಅವರ ಕೂಡ ಆಡೂದು."

ಅವನು ಮುಖ ಹುಳ್ಳಗೆ ಮಾಡಿಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ನರಪೇತಲ ಮನುಷ್ಯ ಅವನ ಹೆಗಲು ಹಿಡಿದು ಬಂದ. ಮೂವತ್ತೈದರ ಮೇಲಿನ ವಯಸ್ಸು, ಕರಿ ಕನ್ನಡಕ. ತನ್ನನ್ನು ಯಾಕೆ ಕರೆದರೆಂದು ತಿಳಿಯದೆ ಸಂಕೋಚದಿಂದ ನಿಂತ. ಶಿವರಂಜನಿ ಅವನ ಕೈ ಹಿಡಿದು ಕೂರಿಸಿದಳು. ಬೆನ್ನಿನಲ್ಲಿ ಎಲ್ಲಿ ನೋಯುತ್ತದೆ, ಗರಸಿನಲ್ಲಿ ಸೀಟು ಹೇಗೆ ಬಡಿಯುತ್ತದೆ, ಎರೆಯಲ್ಲಿ ಚಕ್ರ ನಿಲ್ಲುವ ಮೊದಲು ಪೆಡಲಿಗೆ ಏನು ಗೊತ್ತಾಗುತ್ತದೆ ಎಂದು ಒಂದೊಂದೇ ಕೇಳಿದಳು. ಮೊದಮೊದಲು ಅವನು ಹೂಂ, ಊಹೂಂ ಅಂದ. ಆಮೇಲೆ ಮಾತು ಕಟ್ಟೆಯೊಡೆದು ಬಂತು. ಹತ್ತು ವರ್ಷ ಅವನ ಮುಂದೆಯೇ ಕೂತಿದ್ದ ಕೊಪ್ಪಳದವನು ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತ.

ಶಿವರಂಜನಿಯೂ ಕರಿ ಕನ್ನಡಕದವನೂ ಅವಳ ಟ್ಯಾಂಡೆಮ್ಮಿನ ಹಿಂದಿನ ಚಕ್ರದ ಆಚೆ ಈಚೆ ಮಂಡಿಯೂರಿ ಕೂತರು, ನಾಲ್ಕೂ ಕೈ ಟೈರಿನ ಮೇಲೆ. ಅವಳು ಇದ್ದ ಗಾಳಿಯನ್ನೆಲ್ಲ ಬಿಟ್ಟಳು. ಮೊದಲಿನಿಂದ ತೋರಿಸುತ್ತೇನೆ ಅಂದಳು. "ಅಪ್ಪಾ, ಪಂಪು."

ಆದೆಪ್ಪ ಬಂದು ಪಂಪು ಹಚ್ಚಿದ. ಒಂದು, ಎರಡು, ಮೂರು ಅಂತ ಹೊಡೆಯುತ್ತ ಹೋದ. ಜನ ನೋಡುತ್ತಿದ್ದರು, ಟೈರು ಇನ್ನೂ ಮೆತ್ತಗೇ ಇತ್ತು.

"ಸಾಕು," ಅಂದಳು ಮಗಳು.

ಆದೆಪ್ಪ ನಿಲ್ಲಿಸಿದ.